ಓಕ್ ಕಾಯಿ ಒಣಗಿಸಿದ್ರೆ ಮುಗೀತು

ಪ್ರತಿ ಸೀಸನ್ನಲ್ಲೂ ನನಗೆ ಒಂದೇ ಪ್ರಶ್ನೆ ಬರತ್ತೆ. "ಓಕ್ ಕಾಯಿ ಆರಿಸ್ಕೊಂಡು ಬಂದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಡಬ್ಬಿಲಿ ಹಾಕಿ ಇಟ್ಟಿದ್ವಿ, ಈಗ ಬಿತ್ತಿದ್ರೆ ಒಂದೂ ಹುಟ್ಟಿಲ್ಲ, ಮಣ್ಣಿಗೆ ಏನಾದ್ರೂ ಸೇರಿಸ್ಬೇಕಾ?" ಮಣ್ಣಿನ ತಪ್ಪಲ್ಲ ರೀ. ಬಿಸಿಲಲ್ಲಿ ಹರಡಿದಾಗ್ಲೇ ಅದು ಸತ್ತೋಗಿದೆ, ಆಮೇಲೆ ನೀವು ಬಿತ್ತಿದ್ದು ಬರೀ ಸಿಪ್ಪೆ ಇರೋ ಹೆಣ.

ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದೊಂದು ಅರ್ಥ ಆದ್ರೆ ಉಳಿದಿದ್ದೆಲ್ಲ ನೀವೇ ಕಲೀತೀರ. ಕಾಳು, ಬೇಳೆ ಇವೆಲ್ಲ ಬಲಿಯುವಾಗಲೇ ಒಳಗಿನ ನೀರು ಬಿಟ್ಕೊಟ್ಟು ನಿದ್ದೆಗೆ ಹೋಗ್ತವೆ, ಅದಕ್ಕೇ ವರ್ಷಗಟ್ಟಲೆ ಡಬ್ಬಿಲಿ ಕೂತಿರ್ತವೆ. ಓಕ್ ಕಾಯಿಗೆ ಆ ವಿದ್ಯೆ ಗೊತ್ತಿಲ್ಲ. ಮರದಿಂದ ಬೀಳೋವಾಗ ಅದರ ತೂಕದಲ್ಲಿ ಹತ್ತಿರಹತ್ತಿರ ಅರ್ಧ, ಶೇಕಡ 40-50 ನೀರೇ ಇರತ್ತೆ, ಒಳಗೆ ಉಸಿರಾಟ ನಡೀತಾನೇ ಇರತ್ತೆ. ಹಲಸು, ಮಾವು, ರಬ್ಬರ್, ಕೋಕೋ ಬೀಜಗಳದ್ದೂ ಇದೇ ಸ್ವಭಾವ. ಓಕ್‌ಗಳಲ್ಲಿ ಬಿಳಿ, ಕೆಂಪು ಅಂತ ಗುಂಪುಗಳಿವೆ, ಬಿಳಿ ಓಕ್ ಗುಂಪಿನ ಕಾಯಿಲಿ ನೀರು ಶೇಕಡ 25-30ರ ಹತ್ತಿರಕ್ಕೆ ಇಳಿದ್ರೆ ಸಾಮಾನ್ಯವಾಗಿ ಕಥೆ ಮುಗೀತು, ಕೆಂಪು ಓಕ್ ಗುಂಪು ಇನ್ನೂ ಸ್ವಲ್ಪ ತಡ್ಕೊಳತ್ತೆ ಅಷ್ಟೇ. ಜಾತಿಯಿಂದ ಜಾತಿಗೆ ವ್ಯತ್ಯಾಸ ಇದೆ, ಆದ್ರಿಂದ ಈ ಅಂಕಿನ ಗೆರೆ ಎಳೆದಂಗೆ ಹಿಡ್ಕೋಬೇಡಿ.

ಇದಾದ ಮೇಲೆ ಬರೋ ಮುಂದಿನ ಪ್ರಶ್ನೆನೂ ಗೊತ್ತು: "ಹಾಗಿದ್ರೆ ರಾತ್ರಿ ನೀರಲ್ಲಿ ನೆನೆಸಿದ್ರೆ ಆಯ್ತಲ್ವಾ?" ಒಂಚೂರು ಬಾಡಿದ್ರೆ ಆಗತ್ತೆ, ನೆನೆಸಿ. ಆದ್ರೆ ಆ ಮಿತಿ ದಾಟಿ ಒಣಗಿದ್ರೆ ಜೀವಕೋಶದ ಪೊರೆಗಳೇ ಹಾಳಾಗಿರ್ತವೆ, ನೀರು ಕುಡಿದು ಕಾಯಿ ಮತ್ತೆ ದಪ್ಪ ಆಗತ್ತೆ, ನೋಡೋಕೆ ಚೆನ್ನಾಗಿ ಕಾಣತ್ತೆ, ಮಣ್ಣಲ್ಲಿ ಹಾಕಿದ್ರೆ ಕೊಳೆಯತ್ತೆ. ದಪ್ಪ ಆಯ್ತು ಅಂದ್ರೆ ಬದುಕ್ತು ಅಂತ ಅಲ್ಲ. ಇದನ್ನ ಎಷ್ಟು ಸಲ ಹೇಳಿದ್ರೂ ಮತ್ತೆ ಅದೇ ಕೇಳ್ತಾರೆ, ಅದಕ್ಕೇ ಇಷ್ಟು ಒತ್ತಿ ಬರೀತಿದ್ದೀನಿ.

ಗಿಡಮರಗಳ ಮಾದರಿ ಕೂಡಿಡೋ ಸಂಗ್ರಾಹಕರಲ್ಲಿ ಈ ತಪ್ಪು ಯಾಕೆ ಜಾಸ್ತಿ ಅನ್ನೋದೂ ನನಗೆ ಅರ್ಥ ಆಗತ್ತೆ. ಅವರು ಎಲೆನ ಪೇಪರ್ ಮಧ್ಯೆ ಒತ್ತಿ ಒಣಗಿಸ್ತಾರೆ, ತೊಗಟೆ ಚೂರು, ಕಾಯಿಯ ತಳ ಹಿಡ್ಕೊಂಡಿರೋ ಬಟ್ಟಲು, ಎಲ್ಲಾನೂ ಒಣಗಿಸಿ ಇಡ್ತಾರೆ, ಹಾಗೇ ಮಾಡ್ಬೇಕು ಕೂಡ, ಇಲ್ಲಾಂದ್ರೆ ಬೂಷ್ಟು ಹಿಡಿಯತ್ತೆ. ಅದೇ ಕೈ ಅಭ್ಯಾಸ ಕಾಯಿಗೂ ಹೋಗತ್ತೆ. ನನಗೊಬ್ಬರು ಹಿರಿಯರು ಪಾರ್ಸೆಲ್ ಕಳ್ಸಿದ್ರು, ಕ್ವೆರ್ಕಸ್ ಇನ್ಸಿಗ್ನಿಸ್ ಅನ್ನೋ ಓಕ್ ಜಾತಿಯ ಕಾಯಿ (ಕ್ವೆರ್ಕಸ್ ಅಂದ್ರೆ ಓಕ್‌ನ ವೈಜ್ಞಾನಿಕ ಹೆಸರು). ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ತೇವದ ಬೆಟ್ಟಗಾಡಿನ ಮರ ಅದು, ಅಳಿವಿನ ಅಂಚಲ್ಲಿರೋದು, ಕಾಯಿ ಅಂದ್ರೆ ಓಕ್‌ಗಳಲ್ಲೇ ಅತಿ ದೊಡ್ಡದಲ್ಲೊಂದು, ಒಂದೇ ಕಾಯಿ ಅಂಗೈ ತುಂಬತ್ತೆ. ಒಂದೊಂದನ್ನೂ ಒರೆಸಿ, ಹತ್ತಿಲಿ ಸುತ್ತಿ, ಎಲ್ಲಿ, ಯಾವತ್ತು, ಎಷ್ಟು ಎತ್ತರದಲ್ಲಿ ಆರಿಸಿದ್ದು ಅಂತ ಮುದ್ದಾದ ಅಕ್ಷರದಲ್ಲಿ ಚೀಟಿ ಬರೆದಿದ್ರು, ಗಿಡಮರದ ಕೆಲಸವೇ ವೃತ್ತಿ ಆಗಿರೋ ನಮ್ಮಂಥವರೇ ಅಷ್ಟು ನೀಟಾಗಿ ಬರೆಯೋದು ಕಮ್ಮಿ. ಅಲ್ಲಾಡಿಸಿದ್ರೆ ಒಳಗೆ ಲೊಡಲೊಡ ಅನ್ನೋ ಸದ್ದು. ಅಷ್ಟೊಂದು ಪ್ರೀತಿಯಿಂದ ಮಾಡಿದ ಕೆಲಸ, ಒಂದು ಒದ್ದೆ ಪಾಚಿ ಹಾಕಿದ ಪ್ಲಾಸ್ಟಿಕ್ ಕವರ್ ಇಲ್ಲದೆ ವ್ಯರ್ಥ ಆಯ್ತಲ್ಲ ಅಂತ ಹೊಟ್ಟೆ ಉರೀತು. ಅವರಿಗೆ ಅದನ್ನೇ ನೇರವಾಗಿ ಬರೆದೆ. ಪುಣ್ಯಕ್ಕೆ ಬೇಜಾರು ಮಾಡ್ಕೊಳ್ಳಲಿಲ್ಲ, ಮುಂದಿನ ಸಲ ಕಳ್ಸಿದ್ದು ಬೇರೆ ಓಕ್, ಕವರ್ ಬಿಚ್ಚಿದಾಗ ಅರ್ಧಕ್ಕರ್ಧ ಬೇರು ಬಿಟ್ಟಿತ್ತು.

ಶೋಕೇಸಿಗೆ ಬೇಕಾದ್ರೆ ನಾಲ್ಕು ಕಾಯಿ ಬೇರೆ ಎತ್ತಿಟ್ಟು ಒಣಗಿಸ್ಕೊಳ್ಳಿ. ಬೆಳೆಸೋಕೆ ಅಂತ ಆರಿಸಿದ್ದನ್ನ ಮಾತ್ರ ತರಕಾರಿ ಥರ ನೋಡ್ಕೊಳ್ಳಿ: ತಂಪು, ತೇವ, ಗಾಳಿ. ಲೈಟಾಗಿ ಒದ್ದೆ ಇರೋ ತೆಂಗಿನ ನಾರಿನ ಪುಡಿನೋ ಮರದ ಹೊಟ್ಟೋ ಬೆರೆಸಿ, ತೆಳು ಪಾಲಿಥೀನ್ ಕವರಿಗೆ ಹಾಕಿ, ಬಾಯಿ ಸಡಿಲವಾಗಿ ಮಡಚಿ ಫ್ರಿಜ್ಜಲ್ಲಿಡಿ. 1ರಿಂದ 4 ಡಿಗ್ರಿ ಸಾಕು, ಫ್ರೀಜರ್ ಅಲ್ಲವೇ ಅಲ್ಲ. ಗಾಳಿಯಾಡದ ಡಬ್ಬಿನೂ ಬೇಡ, ಉಸಿರಾಡ್ತಿರೋ ವಸ್ತು ಅದು.

ಎಷ್ಟು ದಿನ ಇಡ್ಬಹುದು ಅನ್ನೋದು ಗುಂಪಿನ ಮೇಲೆ ನಿಂತಿದೆ. ಕ್ವೆರ್ಕಸ್ ಆಲ್ಬಾ, ಇಂಗ್ಲಿಷ್ ಓಕ್ ಅನ್ನೋ ಕ್ವೆರ್ಕಸ್ ರೋಬರ್, ಇವೆಲ್ಲ ಬಿಳಿ ಗುಂಪು. ಕಾಯಿ ಒಂದೇ ಸೀಸನ್ನಲ್ಲಿ ಬಲಿಯತ್ತೆ, ಬಿದ್ದ ತಕ್ಷಣ ಶರತ್ಕಾಲದಲ್ಲೇ ಬೇರು ಇಳಿಸೋಕೆ ಶುರು ಮಾಡತ್ತೆ, ಚಿಗುರು ಮಾತ್ರ ವಸಂತಕ್ಕೆ ಕಾಯತ್ತೆ. ಇವನ್ನ ಕೆಲವು ತಿಂಗಳಿಗಿಂತ ಜಾಸ್ತಿ ಇಡೋ ಆಸೆ ಬೇಡ. ಕ್ವೆರ್ಕಸ್ ರುಬ್ರಾ ಥರದ ಕೆಂಪು ಗುಂಪಿನ ಕಾಯಿ ಸಾಮಾನ್ಯವಾಗಿ ಎರಡು ವರ್ಷ ತಗೊಂಡು ಬಲಿಯತ್ತೆ, ಮೊಳೆಯೋಕೆ ಮೊದಲು ಒಂದೆರಡು ತಿಂಗಳ ಚಳಿ ಬೇಕು, ಆ ಫ್ರಿಜ್ಜಿನ ತಂಪೇ ಅದಕ್ಕೆ ಚಳಿಗಾಲ. ಅಮೆರಿಕದ ಬೂದು ಅಳಿಲಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಕೆಂಪು ಓಕ್ ಕಾಯಿನ ಹಾಗೇ ಹೂತಿಡತ್ತೆ, ಬಿಳಿ ಓಕ್ ಕಾಯಾದ್ರೆ ಹೂಳೋಕೆ ಮುಂಚೆ ಎಷ್ಟೋ ಸಲ ತುದಿ ಕಚ್ಚಿ ಭ್ರೂಣನ ಕಿತ್ತಾಕತ್ತೆ, ಮೊಳೆತು ಊಟ ಕೈತಪ್ಪದೇ ಇರ್ಲಿ ಅಂತ. ಕಾಯಿ ಒಂದು ಜೀವಂತ ವಸ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನೀರಲ್ಲಿ ಮುಳುಗಿಸಿ ನೋಡೋ ಟೆಸ್ಟ್ ಬಗ್ಗೆನೂ ಒಂದು ಮಾತು. ತೇಲಿದ್ದೆಲ್ಲ ಬಿಸಾಕ್ಬೇಡಿ, ಸ್ವಲ್ಪ ಬಾಡಿದ ಒಳ್ಳೇ ಕಾಯಿನೂ ತೇಲತ್ತೆ, ರಾತ್ರಿಯಿಡೀ ನೆನೆಸಿ ಬೆಳಗ್ಗೆ ಮತ್ತೆ ನೋಡಿ. ಮುಳುಗಿದ್ದೆಲ್ಲ ಬದುಕಿದೆ ಅಂತನೂ ಗ್ಯಾರಂಟಿ ಇಲ್ಲ. ಅನುಮಾನ ಇದ್ರೆ ಒಂದೆರಡು ಕುಯ್ದು ನೋಡಿ, ಒಳಗೆ ಕೆನೆ ಬಣ್ಣ ಗಟ್ಟಿಯಾಗಿದ್ರೆ ಸರಿ, ಕಂದು ಬಣ್ಣದ ಪುಡಿಪುಡಿ ಆಗಿದ್ರೆ ಬಿಡಿ. ದುಂಡನೆ ಸಣ್ಣ ತೂತು ಇದ್ರೆ ಮೂತಿಹುಳದ ಮರಿ ಒಳಗೆ ತಿಂದು ಹೊರಗೆ ಹೋಗಿದೆ ಅಂತರ್ಥ. ಬಟ್ಟಲಿನ ಸಮೇತ ಮೊದಮೊದ್ಲು ಉದುರೋ ಕಾಯಿಲಿ ಇಂಥ ಹಾಳು ಜಾಸ್ತಿ, ಅದನ್ನ ಆರಿಸೋಕೆ ಅವಸರ ಬೇಡ.

ಇದೆಲ್ಲ ಬರೀ ಹವ್ಯಾಸಿಗಳ ತಾಪತ್ರಯ ಅಂದ್ಕೋಬೇಡಿ. ಜಗತ್ತಲ್ಲಿ ಸುಮಾರು 430 ಜಾತಿ ಓಕ್ ಇವೆ, ಯಾವ ಜಾತಿ ಅಳಿಯೋ ಅಪಾಯದಲ್ಲಿದೆ ಅಂತ ಹೇಳೋ 2020ರ ಓಕ್ ರೆಡ್ ಲಿಸ್ಟ್ ಪ್ರಕಾರ ಅದರಲ್ಲಿ ಶೇಕಡ 31ರಷ್ಟು ಅಪಾಯದಲ್ಲಿವೆ, ಚೀನಾ ಮತ್ತು ಮೆಕ್ಸಿಕೋದಲ್ಲೇ ಅತಿ ಹೆಚ್ಚು. ಬೇರೆ ಎಷ್ಟೋ ಗಿಡಗಳ ಬೀಜನ ಒಣಗಿಸಿ ಮೈನಸ್ 20 ಡಿಗ್ರಿಲಿ ಬೀಜ ಬ್ಯಾಂಕಲ್ಲಿ ಇಟ್ಟು ನಿಶ್ಚಿಂತೆಯಿಂದ ಇರಬಹುದು, ಓಕ್‌ಗೆ ಆ ದಾರಿ ಮುಚ್ಚಿದೆ. ಭ್ರೂಣನ ಬೇರೆ ಮಾಡಿ ಅತಿ ತಣ್ಣನೆಯ ದ್ರವ ಸಾರಜನಕದಲ್ಲಿಡೋ ಪ್ರಯತ್ನ ನಡೀತಿದೆ, ಆದ್ರೆ ಸದ್ಯಕ್ಕೆ ಭರವಸೆ ಇರೋದು ನೆಟ್ಟು ನಿಂತ ಮರಗಳ ಮೇಲೇ. ಅದಕ್ಕೇ ಆರ್ಬೊರೇಟಂಗಳು, ಅಂದ್ರೆ ಬಗೆಬಗೆಯ ಮರ ಬೆಳೆಸಿ ಕಾಪಾಡೋ ತೋಟಗಳು, ಮತ್ತು ಶ್ರದ್ಧೆ ಇರೋ ಖಾಸಗಿ ಸಂಗ್ರಾಹಕರು ನಮಗೆ ಇಷ್ಟು ಮುಖ್ಯ. ಹಾಗಂತ ಕಾಡಲ್ಲಿ ಅಪರೂಪದ ಮರ ಕಂಡ ತಕ್ಷಣ ಚೀಲ ತುಂಬ್ಕೊಂಡು ಬರಬೇಡಿ, ಅನುಮತಿ ತಗೊಳ್ಳಿ, ದೇಶ ದಾಟಿಸೋ ನಿಯಮ ಕೇಳಿ ತಿಳ್ಕೊಳ್ಳಿ. ಮತ್ತೆ ಸಂಗ್ರಹದ ತೋಟದಿಂದ ಆರಿಸಿದ್ದಾದ್ರೆ ಚೀಟಿಲಿ ಅದನ್ನೂ ಬರೀರಿ, ಯಾಕಂದ್ರೆ ಓಕ್‌ನ ಪರಾಗ ಗಾಳಿಲಿ ಬರತ್ತೆ, ಒಂದೇ ಗುಂಪಿನ ಎರಡು ಜಾತಿ ಅಕ್ಕಪಕ್ಕ ಇದ್ರೆ ಬೆರಕೆ ಆಗೋದು ಮಾಮೂಲು, ತಾಯಿ ಮರದ ಬೋರ್ಡ್ ನೋಡಿ ಮರಿಗೂ ಅದೇ ಹೆಸರಿಟ್ರೆ ಮುಂದೆ ಯಾರಿಗೋ ಮೋಸ ಆಗತ್ತೆ.

ಈಗಾಗ್ಲೇ ಫ್ರಿಜ್ಜಿನ ಕವರಲ್ಲಿ ಬೇರು ಬಂದಿದೆ, ಏನ್ಮಾಡ್ಲಿ ಅಂತ ಕೇಳೋರಿಗೆ: ಬಿಸಾಕ್ಬೇಡಿ, ಅದೇ ನಮಗೆ ಬೇಕಾಗಿದ್ದು. ಆಳವಾದ ಕುಂಡದಲ್ಲಿ ಬೇರು ಕೆಳಗೆ ಬರೋ ಹಾಗೆ ಅಡ್ಡಡ್ಡ ಮಲಗಿಸಿ, ಮೇಲೆ ಎರಡು ಮೂರು ಸೆಂಟಿಮೀಟರ್ ಮಣ್ಣು ಮುಚ್ಚಿ, ಇಲಿ ಅಳಿಲು ಕೆದಕದ ಹಾಗೆ ಮೆಶ್ ಹಾಕಿ. ಇಡೋವಾಗ ಬೇರಿನ ತುದಿ ಮುರಿದ್ರೂ ಗಾಬರಿ ಬೇಡ, ಸಾಮಾನ್ಯವಾಗಿ ಪಕ್ಕದಿಂದ ಎರಡು ಮೂರು ಕವಲು ಒಡೆದು ಇಳಿಯತ್ತೆ.