ಗೋಲಾದಾಗ ಮಾತ್ರ ಕಣ್ಣಿಗೆ ಬೀಳುವವನು

ಐಸ್ ಹಾಕಿ ಪಂದ್ಯವೊಂದರಲ್ಲಿ ಎದುರಾಳಿ ತಂಡದ ಇಬ್ಬರು ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ತಳ್ಳಿಕೊಂಡು ನುಗ್ಗಿ ಬರುತ್ತಿದ್ದಾರೆ; ಅವರಿಗೂ ಗೋಲ್‌ಕೀಪರ್‌ಗೂ ನಡುವೆ ಉಳಿದಿರುವುದು ಹಿಮ್ಮುಖವಾಗಿ ಜಾರುತ್ತಿರುವ, ರಕ್ಷಣೆಯ ಹೊಣೆ ಹೊತ್ತ ಒಬ್ಬನೇ ಡಿಫೆನ್ಸ್‌ಮನ್. ಅವನು ಪಕ್ ಇರುವವನ ಮೇಲೆ ಎರಗುವುದಿಲ್ಲ. ಕೋಲನ್ನು ಐಸ್‌ಗೆ ತಾಗುವಂತೆ ಚಾಚಿ ಇಬ್ಬರ ನಡುವಿನ ಪಾಸ್‌ನ ದಾರಿ ಮುಚ್ಚುತ್ತಾನೆ, ಹೊಡೆತವನ್ನು ಗೋಲ್‌ಕೀಪರ್‌ಗೆ ಬಿಡುತ್ತಾನೆ. ಐಸ್ ಹಾಕಿಯ ಕೋಚ್‌ಗಳು ಸಾಮಾನ್ಯವಾಗಿ ಕಲಿಸುವುದೇ ಹೀಗೆ. ಒಂಬತ್ತು ಮೀಟರ್ ದೂರದಿಂದ ಗಂಟೆಗೆ 140 ಕಿ.ಮೀ. ವೇಗದಲ್ಲಿ ಹೊರಟ ಪಕ್ ಸುಮಾರು 0.23 ಸೆಕೆಂಡಿನಲ್ಲಿ ಗೋಲು ಮುಟ್ಟುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಅಲುಗಲು ಮನುಷ್ಯನಿಗೆ ಹತ್ತಿರಹತ್ತಿರ 0.2 ಸೆಕೆಂಡು ಬೇಕು. ಗೋಲ್‌ಕೀಪರ್ ಮೊದಲೇ ಸರಿಯಾದ ಜಾಗದಲ್ಲಿ ನಿಂತಿದ್ದರೆ ಪಕ್ ಅವನ ಮೈಗಾದರೂ ತಾಗೀತು. ಪಾಸ್ ದಾಟಿತೋ, 1.83 ಮೀಟರ್ ಅಗಲದ ಗೋಲಿನ ಈ ಕಂಬದಿಂದ ಆ ಕಂಬದತ್ತ ಅವನು ಸರಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇಷ್ಟಾಗಿಯೂ ಕೆಲವು ಹೊಡೆತಗಳು ಒಳಹೋಗುತ್ತವೆ. ಆಗ ಅಭಿಮಾನಿಗಳ ದೂರು ಒಂದೇ: ಕೋಟಿಗಟ್ಟಲೆ ಸಂಬಳದವನು ಸುಮ್ಮನೆ ನೋಡುತ್ತ ನಿಂತುಬಿಟ್ಟ! ನಿರ್ಧಾರ ತೆಗೆದುಕೊಂಡವನಿಗೆ ಗೊತ್ತಿದ್ದ ಸಂಗತಿಗಳು ಒಂದೇ ಆಗಿದ್ದರೂ, ಫಲ ಕೆಟ್ಟರೆ ಜನ ಆ ನಿರ್ಧಾರವನ್ನೇ ಕೆಟ್ಟದ್ದೆಂದು ಅಳೆಯುತ್ತಾರೆ ಎಂಬುದನ್ನು ಸಂಶೋಧಕರಾದ ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಶಿ 1988ರಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದರು. ಡಿಫೆನ್ಸ್‌ಮನ್‌ನ ಕಷ್ಟ ಇನ್ನೂ ಒಂದು ಕೈ ಮೇಲು. ಅವನು ತಡೆದ ಪಾಸ್ ನಡೆಯಲೇ ಇಲ್ಲವಾದ್ದರಿಂದ ಅದು ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ.

ಲೆಕ್ಕದ ಪುಸ್ತಕವಾದರೂ ಅವನ ಪರ ನಿಂತೀತೆಂದರೆ ಅದೂ ಅನುಮಾನ. ಪ್ಲಸ್-ಮೈನಸ್ ಎಂಬ ಹಳೆಯ ಅಳತೆಯಲ್ಲಿ, ಆಟಗಾರ ಐಸ್ ಮೇಲಿದ್ದಾಗ ತಂಡ ಗೋಲು ಹೊಡೆದರೆ ಒಂದು ಕೂಡುತ್ತಾರೆ, ಬಿಟ್ಟುಕೊಟ್ಟರೆ ಒಂದು ಕಳೆಯುತ್ತಾರೆ. ಪವರ್ ಪ್ಲೇ ಗೋಲುಗಳನ್ನು, ಅಂದರೆ ಎದುರಾಳಿಯ ಆಟಗಾರ ಶಿಕ್ಷೆಗೊಳಗಾಗಿ ಹೊರಗಿರುವಾಗ ಹೆಚ್ಚು ಆಟಗಾರರಿರುವ ತಂಡ ಹೊಡೆದವನ್ನು, ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬ ಡಿಫೆನ್ಸ್‌ಮನ್ ಆಡುವಾಗ ಎದುರಾಳಿ 500 ಹೊಡೆತ ಹೊಡೆದರೆಂದೂ ಪ್ರತಿಯೊಂದೂ ಗೋಲಾಗುವ ಸಂಭವ ನೂರಕ್ಕೆ ಒಂಬತ್ತು ಎಂದೂ ಇಟ್ಟುಕೊಳ್ಳೋಣ. ಸರಾಸರಿ 45 ಗೋಲು ಆಗಬೇಕು. ಆದರೆ ಸಂಭವನೀಯತೆಯ ಗಣಿತದ ಪ್ರಕಾರ ಅದೃಷ್ಟವೊಂದರಿಂದಲೇ ಅದು 39ಕ್ಕೆ ಇಳಿಯುವುದೂ 51ಕ್ಕೆ ಏರುವುದೂ ತೀರಾ ಸಾಮಾನ್ಯ. ಆಟ ಕೂದಲೆಳೆಯಷ್ಟೂ ಬದಲಾಗದೆ ಒಂದು ವರ್ಷ ಹೀರೋ, ಮರುವರ್ಷ ಹೊರೆ.

ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನಲ್ಲಿ 2022-23ರಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್ ತಂಡದ ಎರಿಕ್ ಕಾರ್ಲ್‌ಸನ್ 101 ಅಂಕ (ಹೊಡೆದ ಗೋಲು ಮತ್ತು ಗೋಲಿಗೆ ನೆರವಾದ ಪಾಸ್‌ಗಳ ಮೊತ್ತ) ಗಳಿಸಿದರು. ಡಿಫೆನ್ಸ್‌ಮನ್ ಒಬ್ಬ ನೂರು ದಾಟಿದ್ದು 1991-92ರ ನಂತರ ಅದೇ ಮೊದಲು. ಅವರ ಪ್ಲಸ್-ಮೈನಸ್ ಮಾತ್ರ ಮೈನಸ್ 26. ಅವರಿಗೂ ರಕ್ಷಣೆಯಲ್ಲಿ ಕೊರತೆಗಳಿದ್ದವು, ನಿಜ. ಆದರೆ 82 ಪಂದ್ಯಗಳಲ್ಲಿ 22ನ್ನಷ್ಟೇ ಗೆದ್ದ ತಂಡದ ದೌರ್ಬಲ್ಯವೆಲ್ಲ ಆ ಒಂದು ಅಂಕಿಯೊಳಗೆ ಸೇರಿಕೊಂಡಿದೆ. ಆ ವರ್ಷದ ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಸಲ್ಲುವ ನಾರಿಸ್ ಟ್ರೋಫಿ ಅವರಿಗೇ ಸಂದಿತು.

ಅಭಿಮಾನಿಗಳ ಮನಸ್ಸಿನಲ್ಲಿರುವ ಅಳತೆಗೋಲು ಬಹುಶಃ ಹಿಂದಿನ ತಲೆಮಾರಿನ ಡಿಫೆನ್ಸ್‌ಮನ್ ಬಾಬಿ ಓರ್. 1970-71ರಲ್ಲಿ ಅವರು ಗಳಿಸಿದ ಪ್ಲಸ್ 124 ಅನ್ನು ಇಂದಿಗೂ ಯಾರೂ ಮುಟ್ಟಿಲ್ಲ; ಗೋಲುಗಳ ಮಳೆಗರೆಯುತ್ತಿದ್ದ ಬಾಸ್ಟನ್ ತಂಡ ಅವರ ಜೊತೆಗಿತ್ತೆಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಓರ್ ಕೂಡ ಮೊಣಕಾಲು ಕೈಕೊಟ್ಟು 30ನೆಯ ವಯಸ್ಸಿಗೇ ಆಟ ಬಿಟ್ಟರು.