ಪಾಳಿಯಲ್ಲಿ ಯಾರಿದ್ದರು ಎಂದು ಕೇಳುವ ಮೊದಲು

ವೃದ್ಧರ ಆರೈಕೆ ಕೇಂದ್ರದಲ್ಲಿ ನಿವಾಸಿಯೊಬ್ಬರು ಬಿದ್ದರೆ ಮೊದಲು ಕೇಳಿಬರುವುದು ‘ಆಗ ಪಾಳಿಯಲ್ಲಿ ಯಾರಿದ್ದರು?’ ಎಂಬ ಪ್ರಶ್ನೆ. ನರ್ಸಿಂಗ್ ಮೇಲ್ವಿಚಾರಕಿಯಾಗಿ ನಾನೂ ಅದನ್ನು ಹಲವು ವರ್ಷ ಕೇಳಿದ್ದೇನೆ. ಆ ಪ್ರಶ್ನೆಯಿಂದ ಒಂದು ಹೆಸರು ಸಿಗುತ್ತದೆಯೇ ಹೊರತು ಬಿದ್ದ ಕಾರಣ ಸಿಗುವುದಿಲ್ಲ. ಮೇಲಾಗಿ, ಬೈಗುಳಕ್ಕೆ ಹೆದರಿದ ಸಿಬ್ಬಂದಿ ಮುಂದಿನ ಸಲ ಸಣ್ಣಪುಟ್ಟ ಘಟನೆಗಳನ್ನು ಹೇಳದೆ ಬಿಡುತ್ತಾರೆ.

ಹೃದಯದ ತೊಂದರೆಯಿದ್ದ ಅಜ್ಜಿಯೊಬ್ಬರು ಎರಡು ವಾರಗಳಲ್ಲಿ ಮೂರು ಬಾರಿ ಬಿದ್ದರು. ಮಂಚದ ಎರಡೂ ಬದಿಯ ಕಂಬಿಗಳನ್ನು ಏರಿಸಿಡೋಣ ಎಂದು ಸಿಬ್ಬಂದಿ ಸೂಚಿಸಿದರು. ಸದುದ್ದೇಶದ ಸಲಹೆಯೇ, ಆದರೆ ಏಳಲೇಬೇಕಾದವರು ಕಂಬಿಯನ್ನು ಹತ್ತಿ ದಾಟಲು ನೋಡುತ್ತಾರೆ, ಆಗ ಬೀಳುವ ಎತ್ತರವೂ ಪೆಟ್ಟೂ ಹೆಚ್ಚುತ್ತವೆ. ಅದರ ಬದಲು ಬಿದ್ದ ಹೊತ್ತು ಮತ್ತು ಜಾಗವನ್ನು ಬರೆದು ನೋಡಿದೆವು. ಮೂರು ಸಲವೂ ರಾತ್ರಿ 10ರಿಂದ 1ರೊಳಗೆ, ಮಂಚಕ್ಕೂ ಶೌಚಾಲಯಕ್ಕೂ ನಡುವೆ ಬಿದ್ದಿದ್ದರು. ಔಷಧದ ಪಟ್ಟಿ ತೆರೆದರೆ, ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಮಾತ್ರೆಯ ಎರಡನೆಯ ಡೋಸ್ ಉಳಿದ ಮಾತ್ರೆಗಳ ಜೊತೆಗೆ ರಾತ್ರಿ 8ಕ್ಕೆ ಹೋಗುತ್ತಿತ್ತು. ನುಂಗಿದ ಒಂದು ಗಂಟೆಯೊಳಗೆ ಕೆಲಸ ಆರಂಭಿಸುವ ಈ ಮಾತ್ರೆಯ ಪರಿಣಾಮ ಸುಮಾರು 6ರಿಂದ 8 ಗಂಟೆ ಇರುತ್ತದೆ. ವೈದ್ಯರೊಂದಿಗೆ ಮಾತಾಡಿ ಆ ಡೋಸನ್ನು ಮಧ್ಯಾಹ್ನಕ್ಕೆ ಬದಲಿಸಿದೆವು. ಮಲಗಿದ್ದಾಗ ಮತ್ತು ಎದ್ದು ನಿಂತ 3 ನಿಮಿಷದೊಳಗೆ ರಕ್ತದೊತ್ತಡವನ್ನೂ ಅಳೆದೆವು: ನಿಂತಾಗ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದಿತ್ತು, ಅಂದರೆ ಎದ್ದೊಡನೆ ತಲೆ ಸುತ್ತಬಹುದಾದಷ್ಟು. ಅಂದಿನಿಂದ ಅಜ್ಜಿ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಕಾಲಾಡಿಸಿ, ಆಮೇಲೆ ಏಳುವುದನ್ನು ರೂಢಿ ಮಾಡಿಕೊಂಡರು. ಅವರು ಬೀಳುವುದು ನಿಂತಿತು. ಆ ಮೂರು ಸಲವೂ ಪಾಳಿಯಲ್ಲಿದ್ದವರಲ್ಲಿ ಯಾರೊಬ್ಬರ ತಪ್ಪೂ ಇರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ, ಏಕೆಂದರೆ ಅವರಲ್ಲಿ ಇಬ್ಬರಿಗೆ ಆ ಹೊತ್ತಿಗಾಗಲೇ ಎಚ್ಚರಿಕೆ ಕೊಟ್ಟಾಗಿತ್ತು.

ಹಾಸಿಗೆ ಹುಣ್ಣಿನ ವಿಷಯದಲ್ಲಿಯೂ ಹೀಗೆಯೇ. ‘ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆ’ ಎಂಬ ಸಹಿಗಳ ಸಾಲು ಚರ್ಮವನ್ನು ಕಾಯುವುದಿಲ್ಲ. ಸ್ನಾನ ಮಾಡಿಸುವಾಗ ಹಿಮ್ಮಡಿ, ಸೊಂಟದ ಬದಿ, ಬೆನ್ನಿನ ಕೊನೆಯ ಮೂಳೆಯ ಜಾಗವನ್ನು ಬೆಳಕಿನಲ್ಲಿ ನೋಡಬೇಕು. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದಾಗ ಬಿಳುಚಿ ಮತ್ತೆ ಕೆಂಪೇರಿದರೆ ಅಲ್ಲಿ ರಕ್ತ ಇನ್ನೂ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಬಿಳುಚದಿದ್ದರೆ, ಚರ್ಮ ಒಡೆಯದಿದ್ದರೂ ಹುಣ್ಣಿನ ಮೊದಲ ಹಂತ ಆರಂಭವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣದ ಕಾರಣ, ಸುತ್ತಲಿನ ಜಾಗಕ್ಕಿಂತ ಬಿಸಿ, ಗಡಸು ಅಥವಾ ನೋವು ಇದೆಯೇ ಎಂದು ಮುಟ್ಟಿ ತಿಳಿಯಬೇಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡುವುದು ಆ ದಿನವೇ ಆಗಬೇಕಾದ ಕೆಲಸ.

ಇದನ್ನೆಲ್ಲ ಮೊದಲು ಕಾಣುವವರು ಸ್ನಾನ ಮಾಡಿಸುವ, ಉಣಿಸುವ, ಬಟ್ಟೆ ಬದಲಿಸುವ ಆಯಾಗಳು. ಆದರೆ ಪಾಳಿ ಬದಲಾಗುವಾಗ ನರ್ಸ್ ನರ್ಸ್‌ಗೆ ವರದಿ ಒಪ್ಪಿಸುತ್ತಾರೆ. ಆಯಾಗಳನ್ನು ಯಾರೂ ಕೇಳುವುದಿಲ್ಲ. ಈ ಕೊರತೆಯನ್ನು ನಾನು ಗಂಭೀರವಾಗಿ ಪರಿಗಣಿಸುತ್ತೇನೆ. ನಾವು ವರದಿ ಪುಸ್ತಕದಲ್ಲಿ ‘ನಿನ್ನೆಗಿಂತ ಇಂದು ಏನು ಬೇರೆ?’ ಎಂಬ ಅಂಕಣ ಸೇರಿಸಿ, ಅದನ್ನು ಆಯಾಗಳ ಮಾತಿನಲ್ಲೇ ಬರೆಯತೊಡಗಿದೆವು. ಒಂದು ಬೆಳಿಗ್ಗೆ ಅಲ್ಲಿ ಹೀಗಿತ್ತು: ‘ತಾತ ಗಂಜಿ ಅರ್ಧಕ್ಕೇ ಬಿಟ್ಟರು, ಕರೆದರೆ ಕಣ್ಣು ಬಿಟ್ಟು ಮತ್ತೆ ಮಲಗುತ್ತಾರೆ.’ ಜ್ವರ ಇರಲಿಲ್ಲ. ವಯಸ್ಸಾದವರಲ್ಲಿ ಜ್ವರವಿಲ್ಲದೆಯೂ ಸೋಂಕು ಬರುತ್ತದೆ, ಹಠಾತ್ತನೆ ಮಂಕಾಗುವುದೇ ಅದರ ಮೊದಲ ಗುರುತಾಗಿರಬಹುದು ಎಂದು ತಿಳಿದಿದ್ದ ನರ್ಸ್ ಉಸಿರಾಟ ಎಣಿಸಿದರು: ನಿಮಿಷಕ್ಕೆ 28, ಇರಬೇಕಾದುದಕ್ಕಿಂತ ಹೆಚ್ಚು. ವೈದ್ಯರು ಅದೇ ಮುಂಜಾನೆ ಬಂದು ನೋಡಿ ನ್ಯುಮೋನಿಯಾ ಎಂದರು.