ಪದ ಪರಿಚಯ: ಹೂನೊಣ

ಚಿಕ್ಕಬಳ್ಳಾಪುರದ ಕಡೆ ಅವರೆ ಹೂ ಬಿಡುವ ಚಳಿಗಾಲದಲ್ಲಿ, ಬಿಸಿಲೇರುವ ಹೊತ್ತಿಗೆ, ಗಾಳಿಯಲ್ಲಿ ಒಂದೇ ಕಡೆ ತೂಗುಹಾಕಿದಂತೆ ನಿಂತು, ಸರಕ್ಕನೆ ಪಕ್ಕಕ್ಕೆ ಸರಿದು ಮತ್ತೆ ನಿಲ್ಲುವ ಹಳದಿ-ಕಪ್ಪು ಪಟ್ಟೆಯ ಕೀಟವನ್ನು ಹಲವರು ಜೇನೆಂದೇ ತಿಳಿಯುತ್ತಾರೆ. ಅದು ಹೂನೊಣ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಕುಟುಕುವ ಮುಳ್ಳೂ ಇಲ್ಲ. ಅವರೆಯ ಕುಡಿಯಲ್ಲಿ ಮುತ್ತಿಕೊಂಡ ಕರಿಹೇನನ್ನು ತಿಂದು ಬೆಳೆಯುವ ಕಾಲಿಲ್ಲದ ಹುಳು ಇದೇ ನೊಣದ ಮರಿಯಾದ್ದರಿಂದ, ಅದನ್ನು ಪೀಡೆಯೆಂದು ಹೊಸಕಿಹಾಕುವುದು ನಿಜಕ್ಕೂ ನಷ್ಟ.

ಹೂನೊಣವೆಂಬುದು ಸಿರ್ಫಿಡೆ ಎಂಬ ಇಡೀ ಕುಟುಂಬದ ಹೆಸರು. ಜಗತ್ತಿನಲ್ಲಿ ಇದರ ಸುಮಾರು 6,000 ಪ್ರಭೇದಗಳಿವೆ. ಕುಟುಂಬದ ಗುರುತು ರೆಕ್ಕೆಯಲ್ಲಿದೆ: ನಡುಭಾಗದಲ್ಲಿ, ಬೇರೆ ನರಗಳಿಗೆ ಕೂಡಿಕೊಳ್ಳದೆ ಹಾದುಹೋಗುವ, ಮಡಿಕೆಯಂತಹ ತೆಳು ಗೆರೆ. ಅದನ್ನು ಹುಸಿನರ ಎನ್ನಬಹುದು.

ಕುಟುಂಬ ತಿಳಿದ ಮೇಲೆ ಪ್ರಭೇದ ಹೇಳುವುದೇ ಕಷ್ಟ. ನಮ್ಮ ತೋಟಗಳ ಎರಡು ನೊಣಗಳನ್ನೇ ನೋಡಿ. ಎಪಿಸಿರ್ಫಸ್ ಎಂಬ ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ನೊಣಕ್ಕೆ ಹೊಟ್ಟೆಯ ಮೇಲ್ಭಾಗದ ಮೂರನೆಯ ಮತ್ತು ನಾಲ್ಕನೆಯ ಫಲಕಗಳಲ್ಲಿ, ಅಂದರೆ ಗಟ್ಟಿ ಹೊದಿಕೆಯ ತುಂಡುಗಳಲ್ಲಿ, ಅಗಲವಾದ ಕಪ್ಪು ಪಟ್ಟೆಯ ಜೊತೆಗೆ ಮೀಸೆಯಂತಹ ಇನ್ನೊಂದು ಸಣ್ಣ ಪಟ್ಟೆ ಇರುತ್ತದೆ. ಇಸ್ಕಿಯೊಡಾನ್ ಸ್ಕುಟೆಲ್ಲಾರಿಸ್ ಎಂಬ ಪ್ರಭೇದಕ್ಕೆ ಆ ಮೀಸೆಯಿಲ್ಲ. ಎದೆಯ ಎರಡೂ ಅಂಚಿನಲ್ಲಿ ಗೆರೆ ಎಳೆದಂತೆ ಹಳದಿ ಇರುತ್ತದೆ. ಕಣ್ಣಿನ ಮೇಲೆ ಚುಕ್ಕೆ ಕಂಡರೆ ಅದು ಬಹುಮಟ್ಟಿಗೆ ಎರಿಸ್ಟಲೈನಸ್ ಕುಲದ್ದು.

ಬಣ್ಣವನ್ನು ಮಾತ್ರ ನಂಬಬಾರದು. ಎಪಿಸಿರ್ಫಸ್ ಬಾಲ್ಟಿಯೇಟಸ್ ಎಂಬ ಪ್ರಭೇದದಲ್ಲಿ, ಹುಳು ನೊಣವಾಗಿ ಬದಲಾಗುವ ಕೋಶಾವಸ್ಥೆಯು ಚಳಿಯಲ್ಲಿ ಕಳೆದರೆ ಹೊರಬರುವ ನೊಣದ ಕಪ್ಪು ಹೆಚ್ಚಾಗುತ್ತದೆ, ಸೆಕೆಯಲ್ಲಿ ಕಳೆದರೆ ಕಡಿಮೆಯಾಗುತ್ತದೆ. ಹೀಗಾಗಿ ಒಂದೇ ಪ್ರಭೇದದ ಎರಡು ಚಿತ್ರಗಳು ಎರಡು ಬೇರೆ ನೊಣಗಳಂತೆ ಕಾಣಬಹುದು. ಗಂಡು-ಹೆಣ್ಣಿನ ವ್ಯತ್ಯಾಸವನ್ನೂ ಪ್ರಭೇದದ ವ್ಯತ್ಯಾಸವೆಂದು ತಪ್ಪಾಗಿ ಓದುವುದುಂಟು: ಸಾಮಾನ್ಯವಾಗಿ ಗಂಡಿನ ಎರಡು ಕಣ್ಣುಗಳು ನೆತ್ತಿಯಲ್ಲಿ ಕೂಡುತ್ತವೆ, ಹೆಣ್ಣಿನದರಲ್ಲಿ ನಡುವೆ ಜಾಗ ಉಳಿಯುತ್ತದೆ.

ಆದ್ದರಿಂದ ಪ್ರಭೇದ ಗುರುತಿಸಲು ಒಂದೇ ಚಿತ್ರ ಸಾಲದು. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ ಕಡೆಯಿಂದ ಒಂದು ತೆಗೆಯಬೇಕು. ಇಸ್ಕಿಯೊಡಾನ್ ಸ್ಕುಟೆಲ್ಲಾರಿಸ್‌ನ ಗಂಡಿನ ಹಿಂಗಾಲಿನ ಬುಡದಲ್ಲಿರುವ ಸಣ್ಣ ಮುಳ್ಳು ಮೇಲಿನಿಂದ ತೆಗೆದ ಎಷ್ಟೇ ಸ್ಪಷ್ಟ ಚಿತ್ರದಲ್ಲೂ ಕಾಣುವುದಿಲ್ಲ. ಬೇಕಾದ ಭಾಗ ಚಿತ್ರದಲ್ಲಿ ಇಲ್ಲದಿದ್ದರೆ 'ಎಪಿಸಿರ್ಫಸ್ ಕುಲ' ಎಂದಷ್ಟೇ ಬರೆದು ನಿಲ್ಲಿಸುವುದು, ಊಹಿಸಿ ಪ್ರಭೇದದ ಹೆಸರು ಕೊಡುವುದಕ್ಕಿಂತ ಹೆಚ್ಚು ಸರಿಯಾದ ಗುರುತಿಸುವಿಕೆ.